ಚಿಪ್‌ಗೆ ಹಚ್ಚಿದ ವಿಭೂತಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಶುಕ್ರವಾರ, ಆಯುಧಪೂಜೆಯ ದಿನ, ಕಂಪ್ಲಿಯ ನಮ್ಮ ಮನೆಯಲ್ಲಿ ಆದದ್ದನ್ನು ಕಂಡರೆ ಯಾರಿಗಾದರೂ ತಲೆ ಕೆಡುತ್ತಿತ್ತು.

ನನ್ನ ಸಂಶೋಧನೆಯ ಚಿಪ್ ಉಗುರಿನಷ್ಟು ಚಿಕ್ಕದು. ಅರೆವಾಹಕದ ಮೇಲೆ ಕೂದಲಿಗಿಂತ ಸಾವಿರ ಪಟ್ಟು ಸಣ್ಣ ಚಿನ್ನದ ಗೆರೆಗಳು. ಬೆಳಕು ಬಿದ್ದೊಡನೆ ಚಿನ್ನದೊಳಗಿನ ಎಲೆಕ್ಟ್ರಾನುಗಳು ಒಟ್ಟಿಗೆ ತೂಗಾಡುತ್ತವೆ. ಆ ತೂಗಾಟಕ್ಕೆ ಪ್ಲಾಸ್ಮಾನ್ ಎನ್ನುತ್ತೇವೆ. ಅದರ ಬಲದಿಂದ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದೊಳಗೆ ಕರೆಂಟು ಹತ್ತಿ ಆರಬೇಕು. ನಾಲ್ಕು ವರ್ಷ ಒದ್ದಾಡಿ ಮಾಡಿದ ಅರವತ್ತರಲ್ಲಿ ಚೊಕ್ಕಟವಾಗಿ ಬಂದದ್ದು ಇದೊಂದೇ. ವೇಗ ಅಳೆಯುವ ಲೇಸರ್ ಹೈದರಾಬಾದಿನಲ್ಲಿತ್ತು, ಸೋಮವಾರ ನನ್ನ ಸರದಿ. ಕೊರಿಯರ್ ನಂಬದೆ ಚಿಪ್ಪನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕೈಯಲ್ಲೇ ಹಿಡಿದು ಹೊರಟವಳು, ಹಬ್ಬಕ್ಕೆಂದು ಹೊಸಪೇಟೆಯಲ್ಲಿ ರೈಲಿಳಿದು ಮನೆಗೆ ಬಂದಿದ್ದೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಡಬ್ಬಿ ದೇವರ ಮುಂದಿತ್ತು, ಮುಚ್ಚಳ ತೆರೆದಿತ್ತು. ಚಿಪ್ ಮೇಲೆ ವಿಭೂತಿ, ನಡುವೆ ಕುಂಕುಮ.

"ಅಜ್ಜೀ! ಏನ್ ಮಾಡಿದಿ ಇದು?"

ಅಕ್ಕನಾಗಮ್ಮಜ್ಜಿ ಹಿಗ್ಗಿನಿಂದ ತಿರುಗಿದಳು. "ಅಕ್ಕಿ ಮಿಲ್ಲಿನ ಮಷಿನಿಗೆ ಹಚ್ಚಿ ಬಂದೆ, ನಿಮ್ಮಪ್ಪನ ಬೈಕಿಗೂ ಹಚ್ಚಿದೆ. ನಿನ್ನ ಆಯುಧ ಒಂದ ಯಾಕ ಬಿಡ್ಲಿ ತಾಯಿ? ಸೆರಗಿಲೆ ಒರೆಸೇ ಹಚ್ಚೀನಿ."

ಸೆರಗಿನಿಂದ ಒರೆಸಿದ್ದಾಳೆ! ಒಂದು ಧೂಳಿನ ಕಣ ಬೀಳಬಾರದೆಂದು ಉಸಿರು ಬಿಗಿಹಿಡಿದು ಮಾಡಿದ ಗೆರೆಗಳವು.

"ನಾಕ್ ವರ್ಷದ್ದು ಮಣ್ಣುಪಾಲು ಮಾಡಿದಿ ನೀನು! ನನ್ನ ಸಾಮಾನು ಇನ್ನ ಮುಟ್ಟಬ್ಯಾಡ!" ಎಂದು ಕಿರುಚಿದೆ. ಅಜ್ಜಿ ಆ ದಿನ ಹೋಳಿಗೆಯನ್ನೂ ಮುಟ್ಟಲಿಲ್ಲ.

ಸೋಮವಾರ ಹೈದರಾಬಾದಿನ ಲ್ಯಾಬಿನವರ ಜೊತೆ ಚಿಪ್ ತೊಳೆದು ಲೇಸರ್ ಬಿಟ್ಟೆವು. ಹತ್ತು ಸಲ, ಇಪ್ಪತ್ತು ಸಲ. ಕರೆಂಟಿನ ಸುಳಿವಿಲ್ಲ. ಮೊದಲಿಂದ ಮಾಡಬೇಕು, ಅಂದರೆ ಇನ್ನೊಂದು ವರ್ಷ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಆಗಲೇ ಅಪ್ಪನ ನಂಬರಿನಿಂದ ಫೋನು. ದನಿ ಮಾತ್ರ ಅಜ್ಜಿಯದು.

"ಏನಾತವ್ವ? ನಡೀತೇನು ಅದು? ಮೂರ್ ದಿನದಿಂದ ಗಂಟಲಾಗ ತುತ್ತು ಇಳೀವಲ್ದು ನನಗ."

ನಿಜ ನಾಲಿಗೆಯ ತುದಿಗೆ ಬಂತು. ಎಂಬತ್ತು ವರ್ಷದ ಆ ದನಿ ನಡುಗುತ್ತಿತ್ತು.

"ನಡೀತಜ್ಜಿ. ಭಾಳ ಜೋರ್ ನಡೀತು. ನೀ ಮೊದ್ಲು ಉಣ್ಣು."

ಆ ಕಡೆ ಅಜ್ಜಿ ಮೂಗೊರೆಸಿಕೊಂಡದ್ದು ಕೇಳಿಸಿತು. "ನೋಡಿದ್ಯಾ? ಸುಮ್ನ ಬೈದಿ ನನಗ. ಮುಂದಿಂದಕ್ಕೂ ನಾನ ಹಚ್ತೀನಿ, ತಗಂಡ್ ಬಾ."

"ಹೂಂ ಅಜ್ಜಿ," ಎಂದೆ, ಕಣ್ಣೊರೆಸಿಕೊಂಡು. "ಡಬ್ಬಿ ಮ್ಯಾಲೆ ಹಚ್ಚುವಂತಿ."