ತಲಬಾಗಿಲಿಗೆ ಅಡ್ಡ ನಿಂತ ಕಾರು

ವಾಡಿಯಿಂದ ಕ್ರೇನು ತರಿಸಿದರೆ ನಾಲ್ಕು ಸಾವಿರ, ಅದೂ ಬರುವುದು ಯಾವಾಗಲೋ. ಹಿಂದಿನ ಗೋಡೆ ಒಡೆದರೆ ಇಬ್ಬರು ಆಳಿನ ಕೂಲಿ ಸಾವಿರದಿನ್ನೂರು, ಮತ್ತೆ ಕಟ್ಟಲು ಕಲ್ಲು ಅಲ್ಲೇ ಇರುತ್ತದೆ. ಅಣವೀರ ಹೀಗೆ ಲೆಕ್ಕ ಹಾಕಿ ಗೋಡೆಗೆ ಹಾರೆ ಹಾಕಿಸಿದ್ದ. ಮೂರು ಕಲ್ಲು ಉರುಳಿದ್ದವು. ನಾಲ್ಕನೆಯದು ಅಲುಗಾಡುವಾಗ ಮರೆಮ್ಮ ಗಂಡನ ಹೆಣದ ಪಕ್ಕದಿಂದ ಎದ್ದು ಬಂದು ಆಳಿನ ಕೈಯಿಂದ ಹಾರೆ ಕಸಿದುಕೊಂಡಳು.

“ಯಾರು ಹೇಳ್ಯಾರ ನಿನಗ ಗ್ವಾಡಿ ಕೆಡವಂತ?”

ಆಳು ಅಣವೀರನ ಮುಖ ನೋಡಿದ. ಅಣವೀರ ಸತ್ತ ಅಂಬರಾಯನ ಒಬ್ಬನೇ ತಮ್ಮ. ಅಂಬರಾಯನಿಗೆ ಮಕ್ಕಳಿರಲಿಲ್ಲ, ಮೊದಲ ಹಿಡಿ ಮಣ್ಣು ಹಾಕಬೇಕಾದವನು ಇವನೇ. ಮಡಿಯ ಬಿಳಿ ಧೋತ್ರ ಉಟ್ಟು ತಯಾರಾಗಿ ನಿಂತಿದ್ದ.

ಗೋಡೆ ಒಡೆಯಲು ಕಾರಣವಿತ್ತು. ನಾಲವಾರದ ಆ ಮನೆಯ ಅಂಗಳ ಗಿಡ್ಡ. ಹಿಂದಿನ ಆಕ್ಸಲ್ ಬಿಚ್ಚಲೆಂದು ಅಂಬರಾಯ ತನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂಭಾಗವನ್ನು ಬೇವಿನ ಮರದಡಿ ತಂದು, ಕೊಂಬೆಗೆ ಚೈನ್ ಪುಲ್ಲಿ ಕಟ್ಟಿದ್ದ. ಮೂತಿ ತಲಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಈಗ ಹಿಂದೆ ಗಾಲಿಯೂ ಇಲ್ಲ, ಆಕ್ಸಲ್ಲೂ ಇಲ್ಲ. ಕಾರು ಕಲ್ಲುಗಳ ಮೇಲೆ ಕೂತಿತ್ತು. ಮಣ್ಣಿಗೆ ಬಂದವರು ಒಬ್ಬೊಬ್ಬರೇ ಅಡ್ಡ ತಿರುಗಿ ಒಳಗೆ ನುಸುಳಿದ್ದರು. ಹೆಣ ಕೂರಿಸಿ ಒಯ್ಯುವ ಚಟ್ಟ ಹಾಗೆ ನುಸುಳುವುದಿಲ್ಲ. ಬೆಳಿಗ್ಗೆ ಎಂಟು ಮಂದಿ ಹಿಂಭಾಗ ಎತ್ತಿ ದೂಡಲು ಹೋದಾಗ ಬಂಪರ್ ಕಿತ್ತು ಕೈಗೆ ಬಂತು. ಕಾರು ಜಾರಿದರೆ ಇನ್ನೊಂದು ಹೆಣ ಬೀಳುತ್ತದೆ ಎಂದು ವಾಡಿಯ ಮೆಕ್ಯಾನಿಕ್ ಖಾಜಾ ಅವರನ್ನು ಬಿಡಿಸಿದ್ದ.

“ವೈನಿ, ಹೊತ್ತು ಏರ್ಲಿಕತ್ತದ,” ಎಂದ ಅಣವೀರ ಅತ್ತಿಗೆಗೆ. “ಹಿಂದಿನಿಂದ ಒಯ್ದ್ರ ಏನಾತು? ಸತ್ತಾಂವಗ ಬಾಗಿಲ ಗೊತ್ತಾಗ್ತದೇನು?”

“ಹಿಂದ ಗಟಾರ ಅದ, ತಿಪ್ಪಿ ಅದ. ಅಂವೇನು ಕಳ್ಳನಾ, ಗ್ವಾಡಿ ಹಾರಿಸಿ ಒಯ್ಯಾಕ?”

ಅಣವೀರನ ಹೆಂಡತಿ ಲಕ್ಷ್ಮಿ ಬಂದು ನೆಗೆಣ್ಣಿಯ ತೋಳು ಹಿಡಿದು, ಮಂದಿ ನೋಡುತ್ತಿದ್ದಾರೆಂದು ಪಿಸುಗುಟ್ಟಿದಳು. ನೋಡಲಿ ಎಂದಳು ಮರೆಮ್ಮ. ಗಂಡ ತಂದಿಟ್ಟಿದ್ದ ಹೊಸ ಆಕ್ಸಲ್ ಕೂಡಿಸಲು ಎಷ್ಟು ಹೊತ್ತು ಬೇಕೆಂದು ಖಾಜಾನನ್ನು ಕೇಳಿದಳು. ಓಡಿಸುವುದಾದರೆ ಒಂದು ದಿನ, ಬರೀ ಹೊರಗೆ ಉರುಳಿಸುವುದಾದರೆ ನಾಲ್ಕು ಬೋಲ್ಟು, ಎರಡು ಗಾಲಿ, ಎರಡು ತಾಸು ಎಂದು ಹೇಳಿ ಅವನು ಅಂಗಿಯ ತೋಳು ಮಡಚತೊಡಗಿದ.

“ನೀ ಕೈ ಹಚ್ಚಬ್ಯಾಡ ಖಾಜಾ. ಬಾಯಿಲೆ ಹೇಳು ಸಾಕು. ಯಾರು ಮುರದಾರ, ಅವರ ಕೂಡಸ್ಲಿ.”

ಅಂಗಳದ ಮಂದಿಯೆಲ್ಲ ಅಣವೀರನ ಕಡೆ ತಿರುಗಿದರು.

*

ಹನ್ನೆರಡು ದಿನದ ಹಿಂದೆ, ಚಿತ್ತಾಪುರದಲ್ಲಿ ಕಚೇರಿ ಕೆಲಸವಿದೆ ಎಂದು ಹೇಳಿ ಅಣವೀರ ಕಾರು ಒಯ್ದಿದ್ದ. ಮರುದಿನ ಬೆಳಿಗ್ಗೆ ಬಂದು ಚಾವಿ ಗೋಡೆಯ ಮಾಡದಲ್ಲಿಟ್ಟು, ಚಹಾ ಕುಡಿದು ಹೋದ. ಅಂಬರಾಯ ಡಿಕ್ಕಿ ತೆಗೆದು ನೋಡಿದರೆ ಒಳಗೆಲ್ಲ ಕಲ್ಲಿನ ಪುಡಿ. ಅಣವೀರ ತನ್ನ ಹೊಸ ಮನೆಗೆ ಶಹಾಬಾದಿನಿಂದ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೇರಿಕೊಂಡು ಬಂದಿದ್ದ. ಲಾರಿ ಬಾಡಿಗೆ ಉಳಿದಿತ್ತು, ಅಣ್ಣನ ಕಾರಿನ ಆಕ್ಸಲ್ ಬಾಗಿತ್ತು. ಹಿಂದಿನ ಗಾಲಿಗಳು ಸೊಟ್ಟಗೆ ನಿಂತಿದ್ದವು.

ಕರೆದು ಕೇಳು ಎಂದು ಮರೆಮ್ಮ ಹಟ ಹಿಡಿದಳು.

“ಕೇಳಿದ್ರ ಅಂವ ಮಾರಿ ಎಲ್ಲಿಡಬೇಕು? ಸಣ್ಣಾಂವ ಅದಾನ,” ಎಂದ ಅಂಬರಾಯ.

ಸಣ್ಣವನಿಗೆ ಐವತ್ತೊಂದು ವರ್ಷ.

ಅಂಬರಾಯ ಬದುಕಿದ್ದೇ ಹಾಗೆ. ಯಾರು ಬಂದು ಕರೆದರೂ ಉಣ್ಣುವ ತಾಟು ಬಿಟ್ಟು ಎದ್ದು ವಾಡಿಗೋ ಶಹಾಬಾದಿಗೋ ದವಾಖಾನೆಗೆ ಮುಟ್ಟಿಸುತ್ತಿದ್ದ. ಆ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಕೂಸು ಹುಟ್ಟಿದ್ದವು. ಒಲ್ಲೆ ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಅವನ ಪಾಲಿನ ಒಲ್ಲೆಯನ್ನೂ ಹೆಂಡತಿಯೇ ಆಡಿ ಓಣಿಯಲ್ಲಿ ಕೆಟ್ಟವಳಾಗಿದ್ದಳು.

ಶಹಾಬಾದಿನ ಗುಜರಿಯಲ್ಲಿ ಒಂದು ಆಕ್ಸಲ್ ಸಿಕ್ಕಿತು. ಗಂಡ ಹೆಂಡತಿ ಸೇರಿ ಎರಡು ದಿನ ಹಳೆಯದನ್ನು ಬಿಚ್ಚಿದರು. ಅವನು ಗಾಡಿಯ ಕೆಳಗೆ, ಅವಳು ಪಾನಾ ಕೊಡುತ್ತ ಚೈನು ಹಿಡಿದು ಮೇಲೆ. ಗಾಡಿಯ ಭಾರ ಹೊರುವ ಪಾಟಾದ ಅಡಿಯಲ್ಲೊಂದು ಬೋಲ್ಟಿನ ತಲೆಯಂಥ ಗುಬುಟು ಇರುತ್ತದೆ, ಅದು ಆಕ್ಸಲ್ಲಿನ ತೂತಿನಲ್ಲಿ ಕೂತರೆ ಮಾತ್ರ ಬೋಲ್ಟು ಬಿಗಿಯಬೇಕು ಎಂದು ಅವಳಿಗೆ ಬೆರಳಿಟ್ಟು ತೋರಿಸಿದ್ದ.

ನಿನ್ನೆ ಹೊಸದನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಊರನ್ನೆಲ್ಲ ದವಾಖಾನೆಗೆ ಮುಟ್ಟಿಸಿದ ಕಾರು ಕಲ್ಲಿನ ಮೇಲಿತ್ತು. ಮರೆಮ್ಮ ಓಣಿ ತುಂಬ ಓಡಿ ಒಂದು ಆಟೋ ಹಿಡಿಯುವಷ್ಟರಲ್ಲಿ ಮುಕ್ಕಾಲು ತಾಸು. ವಾಡಿ ಇನ್ನೂ ದೂರವಿರುವಾಗಲೇ ಅವಳ ತೊಡೆಯ ಮೇಲೆ ಉಸಿರು ನಿಂತಿತು.

*

ಅಣವೀರ ಮಂದಿಯ ಕಡೆ ತಿರುಗಿ, ಆಕ್ಸಲ್ ಮೊದಲೇ ಹಳೆಯದಾಗಿತ್ತು, ತುಕ್ಕು ತಿಂದಿತ್ತು, ದುಃಖದಲ್ಲಿ ವೈನಿ ಏನೋ ಅನ್ನುತ್ತಿದ್ದಾಳೆ ಎಂದ.

“ಡಿಕ್ಕಿ ತೆಗಿ,” ಎಂದಳು ಮರೆಮ್ಮ. “ಫರ್ಸಿ ಪುಡಿ ಇನ್ನಾ ಹಂಗ ಅದ. ಎಲ್ಲಾರ ಮುಂದ ತೆಗಿ.”

ಯಾರೂ ತೆಗೆಯಲಿಲ್ಲ. ಲಕ್ಷ್ಮಿ, ತಲೆ ಎತ್ತದೆಯೇ, “ಹದಿನಾಲ್ಕು ಫರ್ಸಿ ತಂದಾರ. ನಾನ ಇಳಿಸಿಕೊಂಡೀನಿ,” ಎಂದಳು.

ಅಣವೀರ ಹೆಂಡತಿಯನ್ನು ನುಂಗುವಂತೆ ನೋಡಿದ. ಆಮೇಲೆ ಧೋತ್ರ ಮೇಲೆ ಕಟ್ಟಿ ಕಾರಿನ ಕೆಳಗೆ ಮಲಗಿದ.

ಖಾಜಾ ಮರೆಮ್ಮನ ಮಾತು ಮೀರಲಿಲ್ಲ. ದೂರ ಕೂತು ಬಾಯಲ್ಲೇ ಹೇಳಿದ. ನಾಲ್ವರು ಆಕ್ಸಲ್ ಹೊತ್ತು ತಂದು ಜಾಕಿನ ಮೇಲಿಟ್ಟು ಎತ್ತಿಕೊಟ್ಟರು. ಮರೆಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಖಾಜಾ ನಂಬರು ಹೇಳುವ ಮೊದಲೇ ಅವಳ ಕೈ ಆ ಪಾನಾ ಎತ್ತುತ್ತಿತ್ತು. ಹೆಣ ಬಿಟ್ಟು ಗಾಡಿ ಕಾಯುವ ಹೆಂಡತಿಯನ್ನು ಎಲ್ಲೂ ಕಂಡಿಲ್ಲ ಎಂದು ಮುದುಕಿಯರು ಗೊಣಗಿದರು. ಅವಳು ಕೇಳಿಸಿಕೊಂಡರೂ ತಿರುಗಲಿಲ್ಲ.

ಅಣವೀರ ಎರಡು ಬೋಲ್ಟು ಬಿಗಿದು ಆಯಿತೆಂದ. ಅವಳು ಬಗ್ಗಿ ನೋಡಿದಳು.

“ಬಿಚ್ಚು. ಗುಬುಟು ತೂತಿನ್ಯಾಗ ಕುಂತಿಲ್ಲ.”

ಅವನು ಬಿಚ್ಚಿದ. ಎರಡನೆಯ ಸಲವೂ ಕೂರಲಿಲ್ಲ, ಮತ್ತೆ ಬಿಚ್ಚಿಸಿದಳು. ಮೂರನೆಯ ಸಲ ಕೂತಿತು. ಆಮೇಲೆ ಕೆಳಗಿನಿಂದ ಸಣ್ಣ ದನಿ ಬಂತು.

“ವೈನಿ, ಹಿಂಗ ಆಗ್ತದಂತ ನನಗ ಗೊತ್ತಿದ್ದಿಲ್ಲ.”

“ಗೊತ್ತಿದ್ರ ಲಾರಿ ಮಾಡ್ತಿದ್ದೇನು?”

ಕೆಳಗೆ ಪಾನಾ ಮತ್ತೆ ಬೋಲ್ಟಿಗೆ ಕಚ್ಚಿತು.

“ನಾಕನೇದು ಬಿಗಿ,” ಎಂದಳು.

ಮಧ್ಯಾಹ್ನ ಎರಡು ಗಂಟೆಗೆ ಗಾಲಿ ಕೂಡಿದವು. ಹತ್ತು ಮಂದಿ ಕಾರನ್ನು ಓಣಿಗೆ ಉರುಳಿಸಿ, ಬ್ರೇಕಿಲ್ಲವೆಂದು ಗಾಲಿಗೆ ಕಲ್ಲು ಕೊಟ್ಟರು. ಅಂಬರಾಯನನ್ನು ಚಟ್ಟದಲ್ಲಿ ಕೂರಿಸಿದರು. ಅಣವೀರ ಸೀಮೆಎಣ್ಣೆಯಲ್ಲಿ ಕೈ ತೊಳೆದರೂ ಕಪ್ಪು ಹೋಗಿರಲಿಲ್ಲ. ಹೆಗಲು ಕೊಡಲು ಬಂದವನು ಅತ್ತಿಗೆಯ ಎದುರು ನಿಂತ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

“ಹೊರು. ನಿಮ್ಮಣ್ಣ ಅದಾನ, ಬ್ಯಾಡನ್ನಾಂಗಿಲ್ಲ,” ಎಂದಳು ಮರೆಮ್ಮ. “ಮಣ್ಣು ಹಾಕಿ ಹಂಗ ನಿಮ್ಮ ಮನಿಗಿ ಹೋಗು. ಈ ಬಾಗಿಲಿಗಿ ಮತ್ತ ಬರಬ್ಯಾಡ. ಅಂವ ಒಲ್ಲೆ ಅನ್ನಲಿಲ್ಲ, ನಾ ಅಂತೀನಿ.”

ಚಟ್ಟ ಎದ್ದಿತು. ಎರಡೂ ಕಡೆಯ ಕಂಬಕ್ಕೆ ತಾಗದೆ ಬಾಗಿಲು ದಾಟಿತು. ಅದಕ್ಕೆ ಸುತ್ತಿದ ಬಿಳಿ ಬಟ್ಟೆಯ ಮೇಲೆ ಅಣವೀರನ ನಾಲ್ಕು ಬೆರಳು ಕಪ್ಪಗೆ ಮೂಡಿದ್ದವು. ಓಣಿ ತಿರುಗುವವರೆಗೂ ಕಾಣುತ್ತಿದ್ದವು.

ಅಂಬರಾಯ ತನ್ನ ತಲಬಾಗಿಲಿನಿಂದಲೇ ಹೋದ. ಮೈದುನ ಮತ್ತೆ ಆ ಬಾಗಿಲಿಗೆ ಬರಲಿಲ್ಲ.