ಕ್ಯಾಂಟೀನ್ ಆ್ಯಪಿನ ಕೀಲಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಅವತ್ತು ಆದದ್ದರಲ್ಲಿ ಅರ್ಧ ಪಾಲು ಆ ಸಿಟ್ಟಿನದೇ.

ನಮ್ಮದು ಆರು ಜನರ ಆಫೀಸು. ಒಂದು ಆಸ್ಪತ್ರೆಗೆ ಮೊಬೈಲ್ ಆ್ಯಪ್ ಮಾಡಿಕೊಡ್ತೀವಿ: ಹಾಜರಿಗೆ ಒಂದು, ಕ್ಯಾಂಟೀನಿಗೆ ಒಂದು, ರೋಗಿಗಳ ದಾಖಲೆಗೆ ಒಂದು. ವಾರ್ಡಿಗೊಂದು ಫೋನು. ಮೂರು ಆ್ಯಪೂ ಅದರಲ್ಲೇ, ಅದು ಎಲ್ಲರ ಕೈಯಲ್ಲೂ ಓಡಾಡುತ್ತೆ; ರೋಗಿಯ ದಾಖಲೆ ಮಾತ್ರ ಅವರ ಡಾಕ್ಟರಿಗಷ್ಟೇ ತೆರೆಯುತ್ತೆ. ಮಾಹಿತಿಗೆ ಬೀಗ ಹಾಕೋಕೆ ಫೋನಿನೊಳಗೆ ಒಂದು ಮೂಲ ಕೀಲಿ ಇರುತ್ತೆ, ಅಕ್ಷರ ಅಂಕಿಗಳ ಒಂದು ಉದ್ದ ಸಾಲು. ಅದಕ್ಕೆ ಆ್ಯಪಿನ ಹೆಸರು ಬೆರೆಸಿದರೆ ಆ ಆ್ಯಪಿಗೇ ಅಂತ ಒಂದು ಕೀಲಿ ಹುಟ್ಟುತ್ತೆ. ಹೆಸರು ಬೇರೆಯಾದರೆ ಕೀಲಿಯೂ ಬೇರೆ. ಒಂದು ಕೀಲಿ ಯಾರದೋ ಕೈಗೆ ಸಿಕ್ಕಿತು ಅಂತಿಟ್ಕೊಳ್ಳಿ, ಅದನ್ನು ಹಿಡಿದು ಮೂಲ ಕೀಲಿ ಕಂಡುಹಿಡಿಯೋಕಾಗಲ್ಲ. ಕುದಿಸಿದ ಚಹಾದಿಂದ ಹಾಲನ್ನು ಬೇರೆ ತೆಗೆಯೋಕಾಗುತ್ತಾ? "ಮೂರಕ್ಕೂ ಒಂದೇ ಕೀಲಿ ಸಾಕಲ್ವಾ, ಬೇಗ ಮುಗಿಯುತ್ತೆ" ಅಂದ ಬಾಸ್ ಹತ್ತಿರ ಜಗಳ ಆಡಿ ಗೆದ್ದವಳು ನಾನೇ.

ಬುಧವಾರ ಊಟ ಮುಗಿಸಿ ಬಂದು ಕೂತಿದ್ದೆ, ಆಸ್ಪತ್ರೆಯಿಂದ ಒಂದು ಮೇಲ್ ಬಂತು. ಮೂರನೇ ಮಹಡಿಯ ವಾರ್ಡಿನ ಫೋನಲ್ಲಿ ಕ್ಯಾಂಟೀನ್ ಆ್ಯಪ್ ಕೈಕೊಟ್ಟಿತ್ತು. ಅಲ್ಲಿನ ಗುಮಾಸ್ತರು ಪರದೆ ಮೇಲೆ ಬಂದದ್ದನ್ನೆಲ್ಲ ಇದ್ದ ಹಾಗೇ ಎತ್ತಿ, ನಮ್ಮ ಜೊತೆಗೆ ಇಡೀ ವಾರ್ಡಿನ ಸಿಬ್ಬಂದಿಗೂ ಕಳಿಸಿದ್ದರು. ಅದರ ನಡುವೆ ಕ್ಯಾಂಟೀನ್ ಆ್ಯಪಿನ ಕೀಲಿ ಒಂದಕ್ಷರ ಬಿಡದೆ ಬಿದ್ದಿತ್ತು.

ಮೊದಲು ನಗು ಬಂತು. ಏನು ಮಹಾ ಬಯಲಾಗುತ್ತೆ, ಪಥ್ಯ ಪಥ್ಯ ಅಂತ ಊರಿಗೆಲ್ಲ ಉಪದೇಶ ಮಾಡೋ ಡಾಕ್ಟರು ದಿನಕ್ಕೆ ಮೂರು ಸಲ ಸಿಹಿ ತರಿಸ್ಕೋತಾರೆ ಅನ್ನೋದು ತಾನೆ. ಆಮೇಲೆ ನೆನಪಾಯ್ತು, ಕ್ಯಾಂಟೀನ್ ಆ್ಯಪಲ್ಲಿ ಕೀಲಿ ಹುಟ್ಟಿಸೋ ಭಾಗವನ್ನು ನಾನು ದಾಖಲೆ ಆ್ಯಪಿಂದ ನಕಲು ಹೊಡೆದಿದ್ದೆ. ಹೊಡೆದ ಮೇಲೆ ಹೆಸರು ಬದಲಾಯಿಸಿದ್ನಾ? ನನ್ನ ಕಂಪ್ಯೂಟರಲ್ಲಿ ತೆಗೆದು ನೋಡಿದೆ. ಎರಡರಲ್ಲೂ 'ದಾಖಲೆ' ಅಂತಲೇ ಇತ್ತು. ಅಂದ್ರೆ ಎರಡಕ್ಕೂ ಒಂದೇ ಕೀಲಿ. ಆ ಮೇಲ್ ಓದಿದವರು ಯಾರು ಬೇಕಾದರೂ ರೋಗಿಗಳ ದಾಖಲೆ ತೆರೆದು ನೋಡಬಹುದು.

ಆ ದಾಖಲೆಗಳಲ್ಲಿ ಒಂದು ನಮ್ಮಕ್ಕನದು. ಅಕ್ಕ ಅದೇ ವಾರ್ಡಿನ ನರ್ಸು. ಎದೆಯಲ್ಲೊಂದು ಗಂಟು, ಕೆಟ್ಟ ಗಂಟೇ ಅಂತ ಗೊತ್ತಾಗಿ ಮೂರು ವಾರ ಆಗಿತ್ತು. ಬೇಗ ಸಿಕ್ಕಿದೆ, ತೆಗೆದರೆ ಸರಿಹೋಗುತ್ತೆ ಅಂದಿದ್ದರು. ಗೊತ್ತಿದ್ದದ್ದು ಅವಳ ಡಾಕ್ಟರಿಗೆ, ಭಾವನಿಗೆ, ನನಗೆ. ಚಿಕ್ಕಮ್ಮ ಇದೇ ಕಾಯಿಲೆಯಲ್ಲಿ ಹೋದಾಗ ಅಮ್ಮ ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. "ಅಮ್ಮನಿಗೆ ನಾನೇ ಹೇಳ್ಬೇಕು ಕಣೇ, ನನ್ನ ಬಾಯಿಂದಲೇ. ಬೇರೆಯವರಿಂದ ಕಿವಿಗೆ ಬಿದ್ರೆ ಅವಳು ತಡ್ಕೊಳ್ಳಲ್ಲ" ಅಂದಿದ್ದಳು ಅಕ್ಕ. ವಾರ್ಡಿನ ಅರ್ಧ ಜನಕ್ಕೆ ಅಮ್ಮ ಗೊತ್ತು. ಒಬ್ಬರು ನೋಡಿದರೆ ಸಾಕು, ಅಯ್ಯೋ ಪಾಪ ಅಂತ ಸಂಜೆಯೊಳಗೆ ಫೋನ್ ಮಾಡಿಬಿಡ್ತಾರೆ.

ನಮ್ಮಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೇ ಅದು ಫೋನಿಗೆ ಹೋಗೋದು. ನನ್ನದನ್ನು ಓದೋರು ತಕರಾರಪ್ಪ. ಅದು ನಾವಿಟ್ಟ ಹೆಸರು, ಒಂದು ಚುಕ್ಕಿ ಆಚೀಚೆ ಆದರೂ ವಾಪಸ್ ಕಳಿಸೋ ಆಸಾಮಿ. ಈ ಕೋಡನ್ನಂತೂ ಮೂರು ಸಲ ವಾಪಸ್ ಕಳಿಸಿದ್ದರು. ಮೂರನೇ ಸಲ ಬಂದ ದಿನ ಅಕ್ಕನ ಜೊತೆ ಪರೀಕ್ಷೆಗೆ ಹೋಗೋದಿತ್ತು, ನನ್ನ ತಲೆ ನೆಟ್ಟಗಿರಲಿಲ್ಲ. ಅವರೇನು ಬರೆದಿದ್ದಾರೆ ಅಂತ ಓದಲೂ ಇಲ್ಲ. "ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಂಡು ಕಳಿಸಿ, ನನಗೆ ಸಾಕಾಗಿದೆ" ಅಂತ ಎದ್ದು ಹೋಗಿದ್ದೆ. ಅವತ್ತಿಂದ ನಾವಿಬ್ಬರೂ ಮಾತು ಬಿಟ್ಟಿದ್ವಿ.

ಈಗ ಹೋಗಿ ಅವರ ಮೇಜಿನ ಮುಂದೆ ನಿಂತೆ.

"ರೀ, ಆ ಕ್ಯಾಂಟೀನ್ ಆ್ಯಪಲ್ಲಿ ಹೆಸರು..." ಅಂದೆ.

"ನಿಮ್ಮ ಕಂಪ್ಯೂಟರಲ್ಲಿರೋದು ನೋಡಿ ಬಂದ್ರಾ?" ತಲೆ ಎತ್ತದೆ ಕೇಳಿದರು. "ಅದು ಹಳೇದು. ಫೋನಿಗೆ ಹೋಗಿರೋದು ಇಲ್ಲಿದೆ, ನೋಡಿ."

ನೋಡಿದೆ. 'ಕ್ಯಾಂಟೀನ್' ಅಂತಿತ್ತು. ಪಕ್ಕದಲ್ಲೇ ಅವರ ಟಿಪ್ಪಣಿ: 'ನಕಲು ಮಾಡಿದಾಗ ಹಳೇ ಹೆಸರು ಉಳಿದಿದೆ, ಎರಡಕ್ಕೂ ಒಂದೇ ಕೀಲಿ ಆಗುತ್ತೆ. ನೀವು ಹೇಳಿದ ಹಾಗೆ ನಾನೇ ಬದಲಾಯಿಸಿ ಕಳಿಸ್ತಿದ್ದೀನಿ.'

ಆದರೂ ಜೀವ ತಡೀಲಿಲ್ಲ. ಆ ಫೋನಿನ ದಾಖಲೆ ಫೈಲನ್ನು ಬೀಗ ಹಾಕಿದ ಹಾಗೇ ತರಿಸಿಕೊಂಡು, ಮೇಲಲ್ಲಿ ಬಂದ ಕೀಲಿ ಹಾಕಿ ನೋಡಿದೆ. ತೆರೆಯಲಿಲ್ಲ. ಮತ್ತೆ ಹಾಕಿದೆ, ಮತ್ತೊಂದು ಸಲ ಹಾಕಿದೆ.

"ಸಾಕು ಬಿಡಿ. ನೀವು ನಾಳೆವರೆಗೂ ಹಾಕ್ತಾ ಕೂತ್ರೂ ಅದು ತೆರೆಯಲ್ಲ" ಅಂದರು ತಕರಾರಪ್ಪ.

ಅಲ್ಲೇ ಕುರ್ಚಿ ಮೇಲೆ ಕುಸಿದು ಗೊಳೋ ಅಂತ ಅತ್ತುಬಿಟ್ಟೆ. ಪಾಪ, ಆ ಮನುಷ್ಯ ಕಂಗಾಲು. ನೀರಿನ ಬಾಟ್ಲಿ ಮುಂದಿಟ್ಟರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಆಫೀಸಿಗೆ ಸೇರಿ ಒಂಬತ್ತು ವರ್ಷಕ್ಕೆ ಮೊದಲ ಸಲ "ತಪ್ಪಾಯ್ತು ರೀ" ಅಂದೆ. "ಆ ಕೀಲಿ ಬದಲಾಯಿಸಬೇಕು, ಇನ್ನು ಮೇಲೆ ಪರದೆ ಮೇಲೆ ಬರದ ಹಾಗೂ ಮಾಡಬೇಕು. ಮೊದಲು ಅದು ಮುಗಿಸೋಣ" ಅಂದರು. ನಾಲ್ಕೂವರೆ ಹೊತ್ತಿಗೆ ಎರಡೂ ಮುಗೀತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಡ್ಯೂಟಿ ಮುಗಿಸಿದ ಅಕ್ಕ ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಶೂ ಬಿಚ್ಚಿ ಕಾಲು ಚಾಚಿ ಕೂತಿದ್ದಳು. ನನ್ನ ತಪ್ಪನ್ನೂ ಸೇರಿಸಿ ಎಲ್ಲ ಒಪ್ಪಿಸಿದೆ. ಬೈತಾಳೆ ಅಂದ್ಕೊಂಡಿದ್ದೆ, ಬೈಯಲಿಲ್ಲ.

"ಯಾರೂ ನೋಡಿಲ್ಲ ತಾನೆ?"

"ಯಾರಿಗೂ ನೋಡೋಕಾಗಲ್ಲ ಕಣೇ. ನಾನೇ ಹಾಕಿ ನೋಡಿದೀನಿ."

ಅಕ್ಕ ದೊಡ್ಡದಾಗಿ ಉಸಿರು ಬಿಟ್ಟಳು. "ಮೂರು ವಾರದಿಂದ ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ದೂಡ್ತಾ ಬಂದೆ" ಅಂದು ಫೋನ್ ಕೈಗೆತ್ತಿಕೊಂಡಳು. ಅಮ್ಮ ಎರಡನೇ ರಿಂಗಿಗೇ ಎತ್ತಿದಳು.

"ಏನೇ, ಡ್ಯೂಟಿ ಮುಗೀತಾ?"

"ಮುಗೀತಮ್ಮ. ಸ್ವಲ್ಪ ಕೂತ್ಕೋ, ಒಂದು ವಿಷಯ ಹೇಳ್ಬೇಕು. ಗಾಬರಿ ಆಗ್ಬೇಡ, ವಾಸಿ ಆಗೋವಂಥದ್ದೇ." ಅಕ್ಕ ನನ್ನ ಕಡೆ ನೋಡಿದಳು. "ಇನ್ನೂ ಯಾರಿಗೂ ಹೇಳಿಲ್ಲಮ್ಮ. ಮೊದಲು ನಿನಗೇ ಹೇಳ್ತಿರೋದು."

ನಾನು ಅವಳ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತೆ.