ತೂಕ ಇಳಿದ ಮಗು

ನಮ್ಮೆಜಮಾನರು ತಕ್ಕಡಿ ರಿಪೇರಿ ಮಾಡುವವರು. ಹೆಂಡತಿಯ ಮಾತಿಗಿಂತ ತಕ್ಕಡಿಯ ಮುಳ್ಳಿನ ಮೇಲೆ ಇವರಿಗೆ ನಂಬಿಕೆ ಜಾಸ್ತಿ. ಹೆರಿಗೆಯಾದ ಮೇಲೆ ನನಗೆ ಬದುಕೇ ಬೇಡವೆನಿಸತೊಡಗಿದಾಗ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು.

"ಈ ಮಾತ್ರೆ ತಗೊಂಡು ಹಾಲು ಕುಡಿಸಬಹುದಮ್ಮ. ಮಗು ಸರಿಯಾಗಿ ಕುಡಿಯುತ್ತಾ, ತೂಕ ಏರುತ್ತಾ ನೋಡ್ಕೊಳ್ಳಿ. ನೀವಾಗೇ ನಿಲ್ಲಿಸ್ಬೇಡಿ."

ತೂಕ ಎಂದಿದ್ದೇ ತಡ, ಅಂಗಡಿಯಿಂದ ಎರಡು ತಟ್ಟೆಯ ದೊಡ್ಡ ತಕ್ಕಡಿ ಮನೆಗೆ ಬಂತು. ಒಂದು ತಟ್ಟೆಗೆ ದಪ್ಪ ಟವೆಲ್ ಹಾಸಿ, ಅದರ ಭಾರಕ್ಕೆ ಸಮನಾಗಿ ಇನ್ನೊಂದು ತಟ್ಟೆಯಲ್ಲಿ ಕಲ್ಲು ಇಟ್ಟರು. ಮಗು ದಿನಾ ತೂಗಿಸಿಕೊಂಡಿತು. ನಾನೂ ನಗುವಷ್ಟು ಸುಧಾರಿಸಿಕೊಂಡೆ.

ಒಂದು ಬೆಳಿಗ್ಗೆ ತೂಕ ಇಳಿದಿತ್ತು. ಮರುದಿನವೂ ಹಾಗೇ.

"ನಿನ್ನ ಮಾತ್ರೇನೇ ಕಣೇ, ಹಾಲಲ್ಲಿ ಇಳೀತಿದೆ," ಎಂದರು ಇವರು. ಮುಖ ಬಿಳಿಚಿಕೊಂಡಿತ್ತು. "ನಿಲ್ಲಿಸಿಬಿಡು."

"ಡಾಕ್ಟರಮ್ಮನ್ನ ಒಂದು ಮಾತು ಕೇಳೋಣ ರೀ."

"ತಕ್ಕಡಿ ಸುಳ್ಳು ಹೇಳುತ್ತೇನೇ?"

ನನ್ನ ಹಾಲೇ ಮಗುವಿಗೆ ವಿಷವಾಯಿತೇ ಎಂಬ ಭಯಕ್ಕೆ ಅನ್ನ ಇಳಿಯಲಿಲ್ಲ. ಮಾತ್ರೆ ನಿಲ್ಲಿಸಿದೆ. ಸ್ವಲ್ಪ ದಿನದಲ್ಲೇ ತಲೆ ಗಿರ್ರೆನ್ನತೊಡಗಿತು, ಹಳೆಯ ಯೋಚನೆಗಳು ಬಂದು ಕೂತವು. ಮಗು ಅತ್ತರೆ ಪಕ್ಕದ ಕೋಣೆಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಾನಿಲ್ಲದಿದ್ದರೇ ಇದಕ್ಕೆ ಒಳ್ಳೆಯದು ಎನಿಸುತ್ತಿತ್ತು. ಹಾಗೆನಿಸಿದಾಗ ನನ್ನನ್ನು ಕಂಡು ನನಗೇ ಭಯವಾಗುತ್ತಿತ್ತು. ಇವರು ಅಂಗಡಿಗೆ ಹೊರಟಾಗಲೆಲ್ಲ ಹೋಗಬೇಡಿ ಎನ್ನಲು ಬಾಯಿ ತೆರೆಯುತ್ತಿದ್ದೆ. ಮಾತು ಹೊರಡುತ್ತಿರಲಿಲ್ಲ.

ಮಗು ಹಳೆಯ ತೂಕಕ್ಕೆ ಬಾರದಿದ್ದಾಗ ಇವರೇ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಬಟ್ಟೆ ಬಿಚ್ಚಿ ತೂಗಿದರು.

"ಯಾರು ಹೇಳಿದ್ದು ಇಳಿದಿದೆ ಅಂತ? ಚೆನ್ನಾಗಿ ಏರಿದೆ, ಗುಂಡುಮರಿ!"

ಇವರ ಕಣ್ಣು ಮಗುವಿಗೆ ಸುತ್ತಿ ತಂದಿದ್ದ ಟವೆಲಿನ ಮೇಲೆ ಬಿತ್ತು. "ಇದು ತಕ್ಕಡಿಗೆ ಹಾಸಿದ್ದಲ್ವಾ?"

"ಒಂದಿನ ಒದ್ದೆಯಾಗಿತ್ತು. ಆವತ್ತಿಂದ ತೆಳ್ಳನೆ ಬಟ್ಟೆ ಹಾಸ್ತಿದ್ದೆ."

"ಟವೆಲ್ ಭಾರಕ್ಕೆ ಇಟ್ಟ ಕಲ್ಲು ಹಂಗೇ ಇತ್ತಲ್ಲೇ!" ಎಂದು ಹಣೆ ಹಣೆ ಚಚ್ಚಿಕೊಂಡರು. ಬೇರೆಯವರ ತಕ್ಕಡಿಯಾಗಿದ್ದರೆ ಮೊದಲು ನೋಡುತ್ತಿದ್ದುದೇ ಅದನ್ನು. ಆಮೇಲೆ ಹೋದ ಜೀವ ಬಂದವರಂತೆ ನಕ್ಕರು. ಮಗುವನ್ನೆತ್ತಿ ಮುದ್ದಾಡಿದರು. ನನಗೂ ಸಮಾಧಾನವಾಯಿತು, ಆದರೆ ನಗು ಬರಲಿಲ್ಲ.

"ಮಾತ್ರೆ ತಗೊಳ್ತಿದ್ದೀರಲ್ಲ?" ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

ಇವರ ನಗು ನಿಂತಿತು.

"ಇಲ್ಲ," ಎಂದೆ. "ಮಗು ಚೆನ್ನಾಗಿದೆ, ಡಾಕ್ಟ್ರೇ. ನಾನು ಚೆನ್ನಾಗಿಲ್ಲ. ನನ್ನೊಬ್ಬಳನ್ನೇ ಮನೇಲಿ ಬಿಟ್ಟು ಹೋಗಬಾರ್ದು ಅಂತ ಇವರಿಗೆ ಹೇಳಿ."